ಥ್ರೆಡ್ ಹೋದರೆ ಹೆಡ್ಡೇ ಬದಲಿಸಬೇಕಾ?

ನಮ್ಮೂರ ಹಳೇ ಕಾರೊಂದರ ಸ್ಪಾರ್ಕ್ ಪ್ಲಗ್ ಥ್ರೆಡ್ ಹೋಗಿತ್ತು. ‘ಹೆಡ್ಡೇ ಬದಲಿಸಬೇಕು’ ಅಂದರು ಪೇಟೆ ಗ್ಯಾರೇಜಿನವರು. ನಾವು ಒಪ್ಪಲಿಲ್ಲ.

ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಎಂಜಿನ್ ಬಿಸಿ ಇದ್ದಾಗಲೇ ಪ್ಲಗ್ ಬಿಚ್ಚಿದರೆ, ಓರೆಯಾಗಿ ಕೂರಿಸಿ ಪಾನಾ ತಿರುಗಿಸಿದರೆ ಹಾಳಾಗುವುದು ಹೆಡ್ಡಿನ ಥ್ರೆಡ್ಡೇ. ಇದಕ್ಕೆ ಹೆಲಿಕಾಯಿಲ್ ಇದೆ. ತೂತನ್ನು ತುಸು ದೊಡ್ಡದು ಮಾಡಿ, ಅದರದೇ ಟ್ಯಾಪ್ ಹೊಡೆದು, ಸ್ಟೀಲ್ ತಂತಿಯ ಸುರುಳಿ ಕೂರಿಸುತ್ತಾರೆ. ಪ್ಲಗ್ ಮತ್ತೆ ಹಳೇ ಅಳತೆಯದ್ದೇ, 14 ಮಿ.ಮೀ. ಹಿಡಿತ ಮೊದಲಿಗಿಂತ ಗಟ್ಟಿ. ಹೆಡ್ ಬಿಚ್ಚದೇ ಮಾಡುವುದಾದರೆ ಟ್ಯಾಪಿಗೆ ಗ್ರೀಸ್ ಮೆತ್ತಿದ್ದಾರಾ ನೋಡಿ, ಇಲ್ಲದಿದ್ದರೆ ಚೂರು ಸಿಲಿಂಡರಿಗೆ ಬೀಳುತ್ತೆ.

ಹೆಡ್ ಸೀಳಿದ್ದರೆ ಮಾತು ಬೇರೆ. ಬರೀ ಥ್ರೆಡ್ ಹೋಗಿದ್ದರೆ, ದುಡ್ಡು ಎಣಿಸುವ ಮೊದಲು ‘ಹೆಲಿಕಾಯಿಲ್ ಹಾಕ್ತೀರಾ?’ ಅಂತ ಕೇಳಿ. ಆ ಕಾರು ಲೇತ್ ಅಂಗಡಿಗೆ ಹೋಗಿಬಂದು, ಈಗ ವಾರವಾರ ಸಂತೆಗೆ ಓಡುತ್ತಿದೆ.