ಯುವಕರಲ್ಲೂ ಪ್ರಾಸ್ಟೇಟ್ ಗಡ್ಡೆ: ಪಿಎಸ್‌ಎ ಒಂದನ್ನೇ ನಂಬಬೇಡಿ



ಪ್ರಾಸ್ಟೇಟ್ ಕಾಯಿಲೆ ಅರವತ್ತು ದಾಟಿದವರದ್ದು ಎಂಬ ಭಾವನೆ ಜನರಲ್ಲಷ್ಟೇ ಅಲ್ಲ, ಕೆಲವು ವೈದ್ಯರಲ್ಲೂ ಬೇರೂರಿದೆ. ನನ್ನ ಅಕ್ಕನ ಮಗನಿಗೆ ಇನ್ನೂ 27 ವರ್ಷ. ಮೂತ್ರ ಕಟ್ಟುತ್ತಿತ್ತು, ಕೂತರೆ ಕೆಳಹೊಟ್ಟೆಯಲ್ಲಿ ಒತ್ತಿದಂಥ ನೋವು. ಸೋಂಕು ಎಂದು ತಿಂಗಳುಗಟ್ಟಲೆ ಮಾತ್ರೆ ಕೊಟ್ಟರು. ಪ್ರಾಸ್ಟೇಟ್ ತೊಂದರೆ ಪತ್ತೆಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆ ಸಹಜವಾಗಿ ಬಂದಾಗ ‘ಏನೂ ಇಲ್ಲ, ನೀರು ಜಾಸ್ತಿ ಕುಡಿಯಪ್ಪ’ ಎಂದು ಕಳಿಸಿದರು. ಕೊನೆಗೆ ಎಂಆರ್‌ಐ, ಬಯಾಪ್ಸಿ ಮಾಡಿಸಿದಾಗ ಗೊತ್ತಾಗಿದ್ದು ಸಾರ್ಕೋಮಾ.

ಇದು ಅಪರೂಪದ ಗಡ್ಡೆ, ನಿಜ. ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಶೇ 1ಕ್ಕಿಂತ ಕಡಿಮೆ. ಆದರೆ ಗ್ರಂಥಿಯ ಸ್ರವಿಸುವ ಕೋಶಗಳಲ್ಲಿ ಹುಟ್ಟದೆ ಸ್ನಾಯುವಿನಂಥ ಅಂಗಾಂಶಗಳಲ್ಲಿ ಹುಟ್ಟುವುದರಿಂದ ಪಿಎಸ್‌ಎ ಸಾಮಾನ್ಯವಾಗಿ ಏರುವುದಿಲ್ಲ. ಗಡ್ಡೆ ಮಾತ್ರ ಬೇಗ ಬೆಳೆಯುತ್ತದೆ. ಇದರ ಒಂದು ಬಗೆ ಮಕ್ಕಳನ್ನೂ ಬಿಡುವುದಿಲ್ಲ.

ಮಾತ್ರೆಗೆ ಜಗ್ಗದ ಮೂತ್ರದ ತೊಂದರೆ ಇದ್ದರೆ ವಯಸ್ಸು ನೋಡದೆ ವೈದ್ಯರು ಬೆರಳಿನಿಂದ ಗ್ರಂಥಿಯನ್ನು ಪರೀಕ್ಷಿಸಲಿ, ಸ್ಕ್ಯಾನ್ ಮಾಡಿಸಲಿ. ಗಡ್ಡೆಯ ಅನುಮಾನ ಬಂದರೆ ಪಿಎಸ್‌ಎ ಎಷ್ಟೇ ಇರಲಿ, ಬಯಾಪ್ಸಿಗೆ ತಡಮಾಡಬಾರದು. ಗಡ್ಡೆ ಯಾವ ಬಗೆಯದು ಎಂದು ಖಚಿತಪಡಿಸುವ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಪರೀಕ್ಷೆ ಎಲ್ಲ ಊರುಗಳಲ್ಲಿ ಸಿಗದು. ಬಯಾಪ್ಸಿಯ ಮೇಣದ ತುಂಡುಗಳನ್ನು ಪೊಟ್ಟಣ ಕಟ್ಟಿಕೊಂಡು ನಾವೇ ಬೆಂಗಳೂರಿನ ಬಸ್ಸು ಹತ್ತಬೇಕಾಯಿತು. ಜಿಲ್ಲಾ ಆಸ್ಪತ್ರೆಗಳಿಂದ ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಮಾದರಿ ಕಳಿಸಿ ವರದಿ ತರಿಸುವ ಹೊಣೆಯನ್ನು ಆರೋಗ್ಯ ಇಲಾಖೆಯೇ ಹೊರಬೇಕು.

ಯುವಕರೂ ನಾಚಿಕೆಯಿಂದ ಇಂಥ ತೊಂದರೆ ಮುಚ್ಚಿಡದೆ ಕೂಡಲೇ ಮೂತ್ರರೋಗ ತಜ್ಞರಿಗೆ ತೋರಿಸಿಕೊಳ್ಳಲಿ.

– ಓರ್ವ ಓದುಗ, ಹಾವೇರಿ