ಆ್ಯಪ್ ಆಧಾರಿತ ಬಾಡಿಗೆ ವಾಹನ ಸೇವೆ: ನಿಯಂತ್ರಣ ಹಾಗೂ ಸಾರ್ವಜನಿಕರ ಒಪ್ಪಿಗೆ

ಹೂವಿನ ಹಿಪ್ಪರಗಿ ಹಾಗೂ ಸುತ್ತಲಿನ ಬಸವನ ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳ, ಇಂಡಿ ತಾಲ್ಲೂಕುಗಳ ಗ್ರಾಮಗಳಲ್ಲಿ ಬಾಡಿಗೆ ವಾಹನವೆಂದರೆ ಬಹುಮಟ್ಟಿಗೆ ಟಂಟಂ ಮತ್ತು ಕ್ರೂಸರ್. ಬಾಡಿಗೆಯು ಬಾಯಿಮಾತಿನಲ್ಲಿಯೇ ತೀರ್ಮಾನವಾಗುತ್ತದೆ. ಆದರೆ ಈ ಭಾಗದಿಂದ ಬೆಂಗಳೂರಿಗೆ ದುಡಿಯಲು ಹೋಗುವವರು ಹಾಗೂ ಸಾಲ ಪಡೆದು ಕಾರು ಕೊಂಡು ಆ್ಯಪ್ ಕಂಪನಿಗೆ ಜೋಡಿಸಲು ಬಯಸುವವರು ಈ ಸೇವೆಯ ನಿಯಮಗಳನ್ನು ಅರಿತಿರುವುದು ಅವಶ್ಯಕ.

ನಿಯಮದ ಹಿನ್ನೆಲೆ

ಚೌಕಾಸಿಯಿಲ್ಲದೆ, ದರವನ್ನು ಮುಂಚಿತವಾಗಿಯೇ ತಿಳಿದು ಪ್ರಯಾಣಿಸಬಹುದೆಂಬ ಕಾರಣದಿಂದ ಸಾರ್ವಜನಿಕರು ಈ ಸೇವೆಯನ್ನು ಒಪ್ಪಿಕೊಂಡರು. ಸೇವೆಯು ಮೊದಲು ಬಂದಿತು, ನಿಯಮವು ನಂತರ ಬಂದಿತು. ಅನೇಕ ವಿವಾದಗಳಿಗೆ ಇದೇ ಮೂಲ. ರಾಜ್ಯವು 2016ರಲ್ಲಿ ನಿಯಮಗಳನ್ನು ಜಾರಿಗೊಳಿಸಿ, ಆ್ಯಪ್ ಕಂಪನಿಗಳು ಲೈಸೆನ್ಸ್ ಪಡೆಯುವುದನ್ನು ಕಡ್ಡಾಯಗೊಳಿಸಿತು. ಆ ನಿಯಮಗಳು ಟ್ಯಾಕ್ಸಿಗಳಿಗೆ ಸಂಬಂಧಿಸಿದ್ದವು. ಆಟೋರಿಕ್ಷಾಗಳು ಅವುಗಳ ವ್ಯಾಪ್ತಿಗೆ ಬರುವುದಿಲ್ಲವೆಂಬುದು ಸಾರಿಗೆ ಇಲಾಖೆಯ ನಿಲುವಾಗಿತ್ತು.

ಬೆಂಗಳೂರಿನಲ್ಲಿ ಆಟೋ ಕನಿಷ್ಠ ದರ 30 ರೂ. ಇದ್ದಾಗ ಆ್ಯಪ್ ಮೂಲಕ 100 ರೂ. ಪಡೆಯಲಾಗುತ್ತಿದೆ ಎಂಬ ದೂರುಗಳ ಮೇರೆಗೆ, 2022ರ ಅಕ್ಟೋಬರ್‌ನಲ್ಲಿ ಆ್ಯಪ್ ಆಟೋ ಸೇವೆಯನ್ನು ನಿಲ್ಲಿಸುವಂತೆ ಇಲಾಖೆಯು ಸೂಚಿಸಿತು. ಪ್ರಕರಣವು ಉಚ್ಚ ನ್ಯಾಯಾಲಯವನ್ನು ತಲುಪಿತು. ಅದೇ ವರ್ಷದ ನವೆಂಬರ್‌ನಲ್ಲಿ ಸರ್ಕಾರವು ನಿಗದಿತ ದರದ ಮೇಲೆ ಶೇ. 5ರಷ್ಟು ಸೇವಾ ಶುಲ್ಕ ಹಾಗೂ ಜಿಎಸ್‌ಟಿ ಪಡೆಯಲು ಅವಕಾಶ ನೀಡಿತು. ಈ ಆದೇಶವನ್ನು ಉಚ್ಚ ನ್ಯಾಯಾಲಯವು 2024ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು.

ಏಕರೂಪ ದರ

2024ರ ಫೆಬ್ರವರಿಯಲ್ಲಿ ಆ್ಯಪ್ ಹಾಗೂ ನಗರ ಟ್ಯಾಕ್ಸಿಗಳಿಗೆ ರಾಜ್ಯಾದ್ಯಂತ ಏಕರೂಪ ದರವನ್ನು ನಿಗದಿಪಡಿಸಲಾಯಿತು. 10 ಲಕ್ಷ ರೂ.ವರೆಗಿನ ಬೆಲೆಯ ವಾಹನಕ್ಕೆ ಮೊದಲ 4 ಕಿ.ಮೀ.ಗೆ 100 ರೂ., ನಂತರದ ಪ್ರತಿ ಕಿ.ಮೀ.ಗೆ 24 ರೂ. ಈ ಪ್ರಕಾರ 20 ಕಿ.ಮೀ. ಪ್ರಯಾಣಕ್ಕೆ 484 ರೂ. ಆಗುತ್ತದೆ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ. 10ರಷ್ಟು ಹೆಚ್ಚುವರಿ. ಟೋಲ್ ಹಾಗೂ ಜಿಎಸ್‌ಟಿ ಪ್ರತ್ಯೇಕ. ಬೇಡಿಕೆ ಹೆಚ್ಚಿದಾಗ ದರ ಏರಿಸುವ ಪದ್ಧತಿಗೆ ಕಡಿವಾಣ ಹಾಕುವುದು ಇದರ ಉದ್ದೇಶ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಕಂಪನಿಯ ಲೈಸೆನ್ಸ್, ವಾಹನದ ರಹದಾರಿ ಹಾಗೂ ಚಾಲಕನ ಚಾಲನಾ ಅನುಜ್ಞಾಪತ್ರ ಇವು ಮೂರೂ ಬೇರೆ ಬೇರೆ. ಆ್ಯಪ್‌ನಲ್ಲಿ ಹೆಸರು ದಾಖಲಾದ ಮಾತ್ರಕ್ಕೆ ರಹದಾರಿ ದೊರೆತಂತಾಗುವುದಿಲ್ಲ.

2. ಸ್ವಂತ ಬಳಕೆಗೆ ನೋಂದಾಯಿಸಿದ ಬಿಳಿ ಫಲಕದ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ. ಓಡಿಸಿ ಅಪಘಾತ ಸಂಭವಿಸಿದಲ್ಲಿ ವಿಮಾ ಪರಿಹಾರವು ವಿವಾದಕ್ಕೆ ಒಳಗಾಗಿ, ಗಾಯಾಳುವಿಗೂ ಸಾಲಗಾರ ಮಾಲೀಕನಿಗೂ ನಷ್ಟವಾಗುವ ಸಂಭವವಿರುತ್ತದೆ.

3. ಆದುದರಿಂದ ವಾಹನ ಸಾಲಕ್ಕೆ ಸಹಿ ಮಾಡುವ ಮುನ್ನವೇ ವಿಜಯಪುರದ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯಲ್ಲಿ ನೋಂದಣಿ, ರಹದಾರಿ ಹಾಗೂ ಅರ್ಹತಾ ಪತ್ರದ ವಿವರಗಳನ್ನು ವಿಚಾರಿಸಿಕೊಳ್ಳುವುದು ಸೂಕ್ತ.

4. ಹೆಚ್ಚಿನ ದರ ಪಡೆದ ಬಗ್ಗೆ ದೂರು ನೀಡುವ ಪ್ರಯಾಣಿಕರು ದಿನಾಂಕ, ಸಮಯ, ವಾಹನ ಸಂಖ್ಯೆ ಹಾಗೂ ಬಿಲ್ಲಿನ ಪ್ರತಿಯನ್ನು ಲಗತ್ತಿಸತಕ್ಕದ್ದು.

ಪ್ರಯಾಣಿಕನಿಗೆ ದರದ ಖಾತರಿ, ಚಾಲಕನಿಗೆ ದುಡಿಮೆಯ ಖಾತರಿ ಎರಡೂ ದೊರೆತಲ್ಲಿ ಮಾತ್ರ ಈ ಸೇವೆಗೆ ದೊರೆತಿರುವ ಒಪ್ಪಿಗೆಯು ಉಳಿಯುತ್ತದೆ. ಸಾರ್ವಜನಿಕರು ನಿಯಮಗಳನ್ನು ಅರಿತು ಸಹಕರಿಸಬೇಕಾಗಿ ಕೋರಲಾಗಿದೆ.