ಹವಾಮಾನ ನೀತಿಗೆ ಜನಬೆಂಬಲ: ಮೊದಲು ಲೆಕ್ಕ ತಿಳಿಯಲಿ

ಹವಾಮಾನ ವೈಪರೀತ್ಯವನ್ನು ತಡೆಯಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯ ವಿರಳ. ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆ ಬಂದಾಗ ವಿವಾದ ಆರಂಭವಾಗುತ್ತದೆ. 2018ರ ನವೆಂಬರ್‌ನಲ್ಲಿ ಫ್ರಾನ್ಸ್‌ನ ಜನರು ಹಳದಿ ಅಂಗಿ ತೊಟ್ಟು ರಸ್ತೆಗಿಳಿದರು. ಇಂಧನ ತೆರಿಗೆಯ ಉದ್ದೇಶಿತ ಏರಿಕೆಯನ್ನು ಅಲ್ಲಿನ ಸರ್ಕಾರವು ಮರುತಿಂಗಳೇ ಕೈಬಿಡಬೇಕಾಯಿತು. ಕಾರಿನ ಹೊರತು ಬೇರೆ ಸಾರಿಗೆಯಿಲ್ಲದ ಊರುಗಳ ನಿವಾಸಿಗಳಿಗೆ ಆ ತೆರಿಗೆಯು ದಂಡದಂತೆ ತೋರಿತ್ತು.

ಭಾರತದ ಅನುಭವವೂ ಗಮನಾರ್ಹ. 2010ರಲ್ಲಿ ಕಲ್ಲಿದ್ದಲಿನ ಪ್ರತಿ ಟನ್ನಿಗೆ 50 ರೂಪಾಯಿ ಸೆಸ್ ವಿಧಿಸಿ, ಅದರ ಹಣವನ್ನು ಶುದ್ಧ ಇಂಧನ ನಿಧಿಗೆ ಮೀಸಲಿಡುವುದಾಗಿ ಕೇಂದ್ರ ಸರ್ಕಾರವು ಘೋಷಿಸಿತು. 2016ರ ವೇಳೆಗೆ ಸೆಸ್ 400 ರೂಪಾಯಿಗೆ ಏರಿತು. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಆ ಆದಾಯವು ರಾಜ್ಯಗಳ ನಷ್ಟ ಪರಿಹಾರಕ್ಕೆ ತಿರುಗಿತು. 2025ರ ಸೆಪ್ಟೆಂಬರ್‌ನಲ್ಲಿ ಸೆಸ್ ರದ್ದಾಗಿ, ಕಲ್ಲಿದ್ದಲಿನ ಜಿಎಸ್‌ಟಿ ಶೇ. 5ರಿಂದ ಶೇ. 18ಕ್ಕೆ ಏರಿತು. ಒಂದು ಉದ್ದೇಶಕ್ಕೆ ಸಂಗ್ರಹಿಸಿದ ಹಣ ಮತ್ತೊಂದಕ್ಕೆ ಹೋದರೆ, ಮುಂದಿನ ಹಸಿರು ತೆರಿಗೆಯನ್ನು ಜನರು ಸಂಶಯದಿಂದಲೇ ನೋಡುತ್ತಾರೆ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ತುಮಕೂರು ಜಿಲ್ಲೆಯ ಪಾವಗಡದಲ್ಲಿದೆ. ಬರಪೀಡಿತ ತಾಲ್ಲೂಕಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ತಲೆಯೆತ್ತಿತು. ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವಾರ್ಷಿಕ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಲಾಯಿತು. ಕಾಲಕಾಲಕ್ಕೆ ಮೊತ್ತ ಏರುವ ಷರತ್ತೂ ಸೇರಿತ್ತು. ಒಡೆತನ ಉಳಿದು ಆದಾಯ ಬಂದುದರಿಂದ ರೈತರು ಒಪ್ಪಿದರು. ಆದರೆ ಆ ಹೊಲಗಳಲ್ಲಿ ದುಡಿಯುತ್ತಿದ್ದ ಭೂರಹಿತ ಕೂಲಿಕಾರರಿಗೆ ಗುತ್ತಿಗೆ ಹಣದಲ್ಲಿ ಪಾಲಿರಲಿಲ್ಲ. ಲಾಭ ತಲುಪಿದೆಡೆ ಬೆಂಬಲ ದೊರೆಯಿತು. ತಲುಪದೆಡೆ ಅಸಮಾಧಾನ ಉಳಿಯಿತು.

ಲಾಭವನ್ನು ಹಂಚಿದರಷ್ಟೇ ಸಾಲದು, ಅದು ಜನರ ಅರಿವಿಗೂ ಬರಬೇಕು. ಕೆನಡಾ ತನ್ನ ಇಂಗಾಲ ಶುಲ್ಕದ ಬಹುಪಾಲನ್ನು ಕುಟುಂಬಗಳಿಗೆ ಮರಳಿಸುತ್ತಿತ್ತು. ಪೆಟ್ರೋಲ್ ಬಂಕ್‌ನಲ್ಲಿ ತೆತ್ತ ಹಣ ಕಣ್ಣಿಗೆ ಕಂಡಷ್ಟು, ಬ್ಯಾಂಕ್ ಖಾತೆಗೆ ಮರಳಿದ ಹಣ ಮನಸ್ಸಿಗೆ ನಾಟಲಿಲ್ಲ. 2025ರ ಏಪ್ರಿಲ್ 1ರಿಂದ ಗ್ರಾಹಕರ ಮೇಲಿನ ಆ ಶುಲ್ಕವು ನಿಂತಿತು.

ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಶುಲ್ಕವು 2026ರ ಜನವರಿಯಿಂದ ಅನ್ವಯವಾಗಿದೆ. ಉಕ್ಕು ಮತ್ತು ಅಲ್ಯೂಮಿನಿಯಂ ರಫ್ತುದಾರರಿಗೆ ವಿಳಂಬವೇ ನಷ್ಟ. ಆದ್ದರಿಂದ ಸರ್ಕಾರವು ಹಸಿರು ತೆರಿಗೆಗಳ ಸಂಗ್ರಹ ಹಾಗೂ ವಿನಿಯೋಗದ ವಾರ್ಷಿಕ ಲೆಕ್ಕವನ್ನು ಸರಳವಾಗಿ ಪ್ರಕಟಿಸಬೇಕು. ಸಣ್ಣ ಘಟಕಗಳ ಯಂತ್ರೋಪಕರಣ ಬದಲಾವಣೆಗೆ ಅದರಲ್ಲೊಂದು ಪಾಲನ್ನು ಮೀಸಲಿಡಬೇಕು. ವಾಣಿಜ್ಯ ಸಂಸ್ಥೆಗಳಿಗೂ ಹೊಣೆಯಿದೆ. ಪ್ರತಿ ಹೊಸ ತೆರಿಗೆಗೆ ಆಕ್ಷೇಪಣಾ ಪತ್ರ ಸಲ್ಲಿಸುವುದರ ಜೊತೆಗೆ, ತಮ್ಮ ಸದಸ್ಯರ ನೈಜ ವೆಚ್ಚದ ಅಂಕಿ-ಅಂಶಗಳನ್ನು ಸರ್ಕಾರದ ಮುಂದಿಡಬೇಕು. ವ್ಯಾಪಾರದಲ್ಲಿ ವಿಶ್ವಾಸವು ಖಾತೆ ಪುಸ್ತಕದಿಂದ ಬೆಳೆಯುತ್ತದೆ. ಆಡಳಿತಕ್ಕೂ ಅದೇ ನಿಯಮ ಅನ್ವಯಿಸುತ್ತದೆ.